ಮುಖಕ್ಕೆ ಮೂರು, ಉಳಿದದ್ದು ಕೈಕಾಲಿಗೆ

ಮಾರ್ಚ್ 10, ಮಂಗಳವಾರ

ಪಾರ್ಸೆಲ್ ಬಂತು. ಬಂತು ಅನ್ನುವುದಕ್ಕಿಂತ ನಾನೇ ಹೋಗಿ ಎಳೆದುಕೊಂಡು ಬಂದೆ ಅನ್ನಬೇಕು. ಇವಳು, ನನ್ನ ಹೆಂಡತಿ, ಕೊರಿಯಾದಿಂದ ಕಳಿಸಿ ಇವತ್ತಿಗೆ ಇಪ್ಪತ್ತಾರು ದಿನ. ಪಾರ್ಸೆಲ್ ಆಫೀಸಿಗೆ ಇದು ನಾಲ್ಕನೇ ತಿರುಗಾಟ. ಮೊದಲ ಸಲ ರಸೀದಿಯ ನಕಲು ಬೇಕು ಅಂದರು. ಎರಡನೇ ಸಲ ನಕಲು ನಡೆಯಲ್ಲ, ಅಸಲು ತನ್ನಿ ಅಂದರು. ಮೂರನೇ ಸಲ ಊಟಕ್ಕೆ ಹೋಗಿದ್ದರು. ಇವತ್ತು ಗುಮಾಸ್ತ ಪೆಟ್ಟಿಗೆ ಬಿಚ್ಚಿ ಒಂದೊಂದೇ ಬಾಟಲಿ ಎತ್ತಿ ಬೆಳಕಿಗೆ ಹಿಡಿದ.

"ಏನ್ರೀ ಇದು? ಔಷಧಿನಾ?"

"ಮುಖಕ್ಕೆ ಹಚ್ಚೋದು, ಸಾರ್."

ಅವನು ನನ್ನ ಮುಖವನ್ನು ನಿಧಾನವಾಗಿ ನೋಡಿದ. "ಯಾರ ಮುಖಕ್ಕೆ?"

"ಮಗಳಿಗೆ."

"ಒಂದು ಮುಖಕ್ಕೆ ಇಷ್ಟೊಂದಾ?"

ನನ್ನ ಪ್ರಶ್ನೆಯೂ ಅದೇ. ಬೇಸಿಗೆ ಶುರುವಾಗಿದೆ, ಏಸಿ ರಿಪೇರಿಯವನಿಗೆ ಇದೇ ಸುಗ್ಗಿ. ಜನ ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಾರೆ. ನಾನು ಬಸವನಹುಳುವಿನ ಲೋಳೆ ತರಲು ಅರ್ಧ ದಿನ ಸಾಲಿನಲ್ಲಿ ನಿಂತಿದ್ದೇನೆ. ಹೌದು, ಲೋಳೆಯೇ. ಮಗಳು ಹೇಳಿದ್ದು.

ಒಟ್ಟು ಒಂಬತ್ತು. ಒಂದೊಂದರ ಮೇಲೂ ಹೆಂಡತಿಯ ಕೈಬರಹದಲ್ಲಿ ಒಂದರಿಂದ ಒಂಬತ್ತರವರೆಗೆ ನಂಬರು. ಪುಟ್ಟಿಗೆ ಹದಿನೇಳು ತುಂಬಿದೆ. ಪೆಟ್ಟಿಗೆಯನ್ನು ಹಸುಗೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು ಒಳಗೆ ಹೋದಳು. ನನಗೆ ಒಂದು ಲೋಟ ನೀರು ಬೇಕಾ ಅಂತಲೂ ಕೇಳಲಿಲ್ಲ.

ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ, ಹೇಳಿಕೊಳ್ಳಬೇಕಾದವಳೇ ಕಳಿಸಿದವಳು. ಅದಕ್ಕೇ ಗಿರಾಕಿಗಳ ಕಂಪ್ಲೇಂಟು ಬರೆದುಕೊಳ್ಳುವ ಈ ಡೈರಿಯ ಹಿಂದಿನ ಪುಟಗಳಲ್ಲಿ ನನ್ನ ಕಂಪ್ಲೇಂಟೂ ಬರೆಯುತ್ತಿದ್ದೇನೆ.

ಮಾರ್ಚ್ 13, ಶುಕ್ರವಾರ

ಬೆಳಿಗ್ಗೆ ಪುಟ್ಟಿ ನಲವತ್ತು ನಿಮಿಷ ಬಚ್ಚಲುಮನೆ ಬಾಗಿಲು ತೆಗೆಯಲಿಲ್ಲ. ಏಳೂವರೆಗೆ ಹೊರಡಬೇಕಾದವನು ಎಂಟೂಕಾಲಿಗೆ ಹೊರಟೆ. ಮೊದಲ ಮನೆಯ ಯಜಮಾನರು ಬಾಗಿಲಲ್ಲೇ ಗಡಿಯಾರ ತೋರಿಸಿದರು.

ಸಂಜೆ ಅವಳಿಲ್ಲದಾಗ ಬಾಟಲಿಗಳ ಮೇಲೆ ಫೋನಿನ ಕ್ಯಾಮೆರಾ ಹಿಡಿದು ನೋಡಿದೆ. ಕೊರಿಯಾ ಅಕ್ಷರವನ್ನು ಅದು ಕನ್ನಡ ಮಾಡಿ ಕೊಡುತ್ತದೆ. ಮೂರನೇ ನಂಬರಿನ ಮೇಲೆ "ನೀರಿನ ಬಾಂಬು" ಅಂತ ಬಂತು. ಆರನೆಯದರ ಮೇಲೆ "ಹೀರುವವರೆಗೆ ಮುಖಕ್ಕೆ ಮೆಲ್ಲಗೆ ಹೊಡೆಯಿರಿ". ಒಂಬತ್ತನೆಯದು ಬೆಣ್ಣೆಯಷ್ಟು ಗಟ್ಟಿ ಇದೆ. ಅದರ ಮೇಲೆ "ತೀವ್ರ ಚಳಿಗಾಲದ ಕೋಟೆ". ಚಳಿಗಾಲದ ಕೋಟೆ! ನನ್ನ ಮೀಟರು ಹಿಡಿದು ನೋಡಿದೆ. ಮನೆಯೊಳಗೆ ಮೂವತ್ತಾರು ಡಿಗ್ರಿ.

ಚಳಿ ದೇಶಕ್ಕೆ ಮಾಡಿದ ಮೆಷಿನ್ನನ್ನು ಇಲ್ಲಿ ತಂದು ಕೂರಿಸಿದರೆ ಎರಡೇ ವಾರಕ್ಕೆ ಕಂಪ್ರೆಸರ್ ಕೈ ಕೊಡುತ್ತದೆ. ಇದು ನನಗೆ ಗೊತ್ತು. ಹೇಳಿದರೆ ಕೇಳುವವರು ಯಾರು?

ಮಾರ್ಚ್ 15, ಭಾನುವಾರ

ನಾಲ್ಕು ಗಂಟೆಗೆ ಇವಳ ವಿಡಿಯೊ ಫೋನು. ವಾರಕ್ಕೆ ಇದೊಂದೇ ದಿನ ಅವಳಿಗೆ ರಜೆ. ಅಣಬೆ ಪ್ಯಾಕ್ ಮಾಡುವ ಕಾರ್ಖಾನೆ, ಉಳಿದ ಆರು ದಿನ ನಿಂತೇ ಕೆಲಸ.

"ಊಟ ಆಯ್ತಾ?" ಅಂದೆ.

"ಆಯ್ತು ರೀ. ನಿಮ್ದು?"

"ಆಯ್ತು. ಚಳಿನಾ ಅಲ್ಲಿ?"

"ಚಳಿ. ಅಲ್ಲಿ ಸೆಕೆನಾ?"

"ಸೆಕೆ."

"ಪುಟ್ಟಿಗೆ ಕೊಡಿ."

ಕೊಟ್ಟೆ. ಅವಳು ಫೋನ್ ತಗೊಂಡು ಕೋಣೆ ಸೇರಿಕೊಂಡಳು. ಒಳಗಿಂದ ನಗು ಕೇಳಿಸುತ್ತಿತ್ತು. ತಾಯಿ ಮಗಳಿಗೆ ಅಷ್ಟು ಹೊತ್ತು ಮಾತಾಡುವುದಕ್ಕೆ ಏನಿರುತ್ತದೋ. ನಾನು ಫಿಲ್ಟರ್‌ಗಳನ್ನು ತೊಳೆದು ಒಣಗಲು ಹಾಕಿದೆ.

ಮಾರ್ಚ್ 24, ಮಂಗಳವಾರ

ಪುಟ್ಟಿಯ ಮುಖ ನೋಡಲು ಆಗುತ್ತಿಲ್ಲ. ಹಣೆ, ಗಲ್ಲ, ಮೂಗಿನ ಪಕ್ಕ ಎಲ್ಲ ಸಾಸಿವೆ ಚೆಲ್ಲಿದ ಹಾಗೆ ಗುಳ್ಳೆ. ನಾಲ್ಕೈದು ದೊಡ್ಡವು, ಕೆಂಪಗೆ ಬಾತಿವೆ. ಮೊದಲೂ ಒಂದೆರಡು ಮೊಡವೆ ಇದ್ದವು, ಆ ವಯಸ್ಸಿಗೆ ಯಾರಿಗಿರುವುದಿಲ್ಲ? ಇದು ಹಾಗಲ್ಲ.

"ಅದನ್ನೆಲ್ಲ ನಿಲ್ಸು" ಅಂದೆ.

"ಮೊದಲು ಕೆಡುತ್ತಪ್ಪ, ಆಮೇಲೆ ಸರಿಹೋಗುತ್ತೆ. ಅಮ್ಮ ಹೇಳಿದ್ದಾಳೆ."

"ನಿಮ್ಮಮ್ಮ ಡಾಕ್ಟರಾ?"

"ನೀನು ಡಾಕ್ಟರಾ?"

ಮಾತಿಗೆ ಮಾತು. ಬುದ್ಧಿ ಹೇಳಿದರೆ ಬಾಯಿ ಮುಚ್ಚಿಸುವುದನ್ನು ತಾಯಿಯಿಂದಲೇ ಕಲಿತಿದ್ದಾಳೆ.

ಏಪ್ರಿಲ್ 2, ಗುರುವಾರ

ಮಧ್ಯಾಹ್ನ ನಾಲ್ಕನೇ ಮಹಡಿಯಲ್ಲಿ ಔಟ್‌ಡೋರ್ ಯೂನಿಟ್ಟಿಗೆ ಜೋತುಬಿದ್ದಿದ್ದಾಗ ವಾಲಿಬಾಲ್ ಕೋಚ್ ಫೋನ್ ಮಾಡಿದರು. ಪುಟ್ಟಿ ಹೋದ ವರ್ಷದಿಂದ ಕಾಲೇಜು ಟೀಮಿನಲ್ಲಿ ಬಾಲ್ ಎತ್ತಿ ಕೊಡುವ ಜಾಗದಲ್ಲಿ ಆಡುತ್ತಾಳೆ. ಮುಂದಿನ ತಿಂಗಳು ಒಂಬತ್ತಕ್ಕೆ ಜಿಲ್ಲಾ ತಂಡದ ಆಯ್ಕೆ ಇದೆ.

"ಬಿಸಿಲಿಗೆ ಅಂತ ಮುಖಕ್ಕೆ ಅದೇನೋ ಬಳ್ಕೊಂಡು ಬಂದಿದ್ಲು ಸಾರ್. ಬೆವರಿಗೆ ಕರಗಿ ಕಣ್ಣೊಳಗೆ ಇಳಿದಿದೆ. ಕಣ್ಣು ಬಿಡಕ್ಕಾಗ್ದೆ ನಿಂತಿದ್ದವಳ ಮುಖಕ್ಕೇ ಬಾಲ್ ಬಿತ್ತು. ಯಾರೋ ಒಬ್ಬಳು ನಕ್ಕಳು. ಇವಳು ಬ್ಯಾಗ್ ಎತ್ಕೊಂಡು ಹೊರಟೇಹೋದ್ಲು."

ಮನೆಗೆ ಬಂದಾಗ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಮನೆಯೊಳಗೆ! ನನ್ನೆದುರಿಗೆ!

"ಇನ್ನು ಆಟಕ್ಕೆ ಹೋಗಲ್ಲ" ಅಂದಳು.

ಊಟಕ್ಕೆ ಏಳು ಅಂದೆ. ಮಾಸ್ಕ್ ಎತ್ತಿ ಎತ್ತಿ ಊಟ ಮಾಡಿದಳು.

ಏಪ್ರಿಲ್ 4, ಶನಿವಾರ

ದೇವರೇ ದಾರಿ ತೋರಿಸಿದ ಅನ್ನಬೇಕು. ಚರ್ಮದ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಕಂಪ್ಲೇಂಟು: ಏಸಿಯಿಂದ ಒಳಗೆ ನೀರು ಸುರಿಯುತ್ತಿದೆ. ಹೋಗಿ ಬಿಚ್ಚಿದರೆ ಡ್ರೈನ್ ಪೈಪಿನಲ್ಲಿ ಗೊಜ್ಜಿನಂಥ ಕೆಸರು ಕಟ್ಟಿಕೊಂಡಿತ್ತು. ಊದಿ ತೆಗೆದೆ. ರೋಗಿಗಳಿಲ್ಲದ ಹೊತ್ತು ನೋಡಿ ಏಣಿಯ ಮೇಲಿಂದಲೇ ಪುಟ್ಟಿಯ ವಿಷಯ ತೆಗೆದೆ. ಫೋನಿನಲ್ಲಿದ್ದ ಫೋಟೊ ತೋರಿಸಿದೆ.

"ಎಷ್ಟು ಥರ ಹಚ್ತಾಳೆ?"

"ಒಂಬತ್ತು, ಮೇಡಂ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಪೈಪು ಕಟ್ಕೊಂಡ್ರೆ ಏನಾಗುತ್ತೆ?"

"ನೀರು ಹೊರಗೆ ಹೋಗಲ್ಲ. ಒಳಗೇ ಸುರಿಯುತ್ತೆ."

"ಅಷ್ಟೇ. ಅಲ್ಲಿ ಚಳಿಗೆ ಚರ್ಮ ಒಣಗಿ ಬಿರಿಯುತ್ತೆ, ಅದಕ್ಕೆ ಒಂದರ ಮೇಲೊಂದು ಹಚ್ತಾರೆ. ಇಲ್ಲಿ ಅದೇ ಮಾಡಿದ್ರೆ ಬೆವರು ಎಲ್ಲಿಂದ ಹೊರಗೆ ಬರಬೇಕು? ಸದ್ಯಕ್ಕೆ ಎಲ್ಲಾ ನಿಲ್ಸಿ. ಹುಡುಗೀನ ಕರ್ಕೊಂಡು ಬನ್ನಿ."

ನಾನು ಹೇಳಿದ್ದೂ ಅದೇ ಅಲ್ಲವೇ? ಡಾಕ್ಟರಾ ನೀನು ಅಂತ ಕೇಳಿದಳಲ್ಲ, ಈಗ ಕೇಳಲಿ.

ಏಪ್ರಿಲ್ 5, ಭಾನುವಾರ

ಇವತ್ತು ಎಲ್ಲಾ ಮಾಡಿ ಮುಗಿಸಿದೆ. ಪುಟ್ಟಿ ಸ್ನಾನಕ್ಕೆ ಹೋದಾಗ ಒಂಬತ್ತೂ ಬಾಟಲಿ ಪೆಟ್ಟಿಗೆಗೆ ತುಂಬಿ ವ್ಯಾನಿನಲ್ಲಿ ಗ್ಯಾಸ್ ಸಿಲಿಂಡರಿನ ಹಿಂದೆ ಇಟ್ಟು ಬೀಗ ಹಾಕಿದೆ. ನಾಲ್ಕಕ್ಕೆ ಫೋನ್ ಬಂದಾಗ ಊಟ ಆಯ್ತಾ ಅಂತ ಕೇಳಲಿಲ್ಲ.

"ಇನ್ಮೇಲೆ ಒಂದೇ ಒಂದು ಬಾಟಲಿ ಕಳಿಸಬೇಡ. ಅಲ್ಲಿ ಕೂತ್ಕೊಂಡು ಇಲ್ಲಿ ಮಗು ಮುಖ ಹಾಳು ಮಾಡಿದೀಯ. ಇಲ್ಲಿ ಹವೆ ಏನು, ಬಿಸಿಲು ಏನು ಅನ್ನೋದು ಮರೆತೇಹೋಯ್ತಾ ನಿಂಗೆ? ಎರಡು ವರ್ಷಕ್ಕೆ?"

"ಸರಿ ರೀ" ಅಂದಳು. ಫೋನ್ ಇಟ್ಟಳು.

ಪುಟ್ಟಿ ಒದ್ದೆ ಕೂದಲಲ್ಲಿ ಬಾಗಿಲ ಹತ್ತಿರ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಳೋ.

"ಫೋನ್ ಕೊಡು" ಅಂದಳು.

"ಇಟ್ಬಿಟ್ಳು."

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ.

ಏಪ್ರಿಲ್ 7, ಮಂಗಳವಾರ

ಹನ್ನೊಂದು ಕಂಪ್ಲೇಂಟು. ಎರಡು ಕಡೆ ಗ್ಯಾಸ್ ಲೀಕ್. ಮನೆಯಲ್ಲಿ ಮಾತಿಲ್ಲ.

ಏಪ್ರಿಲ್ 9, ಗುರುವಾರ

ಮಾತಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದರೆ ಗೋಡೆಗೆ ಹೇಳಿದ ಹಾಗೆ. ಗುಳ್ಳೆ ಮಾತ್ರ ಸ್ವಲ್ಪ ಆರಿದೆ. ನಾನು ಮಾಡಿದ್ದು ಸರಿಯೇ ಅಲ್ಲವೇ? ಸರಿ ಮಾಡಿದವನಿಗೆ ಮನೆಯಲ್ಲಿ ಹೀಗೆ ಕಳ್ಳನ ಹಾಗೆ ಓಡಾಡುವ ಗತಿ ಯಾಕೆ?

ಏಪ್ರಿಲ್ 12, ಭಾನುವಾರ

ನಾಲ್ಕು ಗಂಟೆಯಾಯಿತು, ನಾಲ್ಕೂವರೆಯಾಯಿತು. ಫೋನು ಬರಲಿಲ್ಲ. ಐದಕ್ಕೆ ನನಗೊಂದು ಮೆಸೇಜು: "ಇವತ್ತು ಡ್ಯೂಟಿ ಹಾಕಿದ್ದಾರೆ." ಸುಳ್ಳು. ಭಾನುವಾರ ಆ ಕಾರ್ಖಾನೆ ಬಾಗಿಲೇ ತೆಗೆಯುವುದಿಲ್ಲ ಅಂತ ಹೋದ ವರ್ಷ ಅವಳೇ ಹೇಳಿದ್ದಳು.

ಪುಟ್ಟಿಯ ಕೋಣೆಗೆ ಹೋದೆ. ಕನ್ನಡಿಯೆದುರು ಸುಮ್ಮನೆ ಕೂತಿದ್ದಳು. ಕನ್ನಡಿಗೆ ಫೋನ್ ಒರಗಿಸಿ ಇಟ್ಟಿದ್ದಳು.

"ಅಮ್ಮ ಫೋನಿಗೆ ಬರಲ್ವಂತೆ ಇವತ್ತು. ಡ್ಯೂಟಿ ಅಂತೆ."

"ಗೊತ್ತು."

"ಗುಳ್ಳೆ ಕಮ್ಮಿ ಆಗಿದೆ ನೋಡು. ನಾನು ಹೇಳಿದ್ದೇ ಸರಿ ತಾನೇ?"

ಹೇಳಬಾರದಿತ್ತು. ಅವಳು ತಿರುಗಿದಳು.

"ಅಪ್ಪ, ಅದು ಮುಖ ಕೆಡಿಸ್ತಿದೆ ಅಂತ ನಂಗೆ ಎರಡನೇ ವಾರಕ್ಕೇ ಗೊತ್ತಾಗಿತ್ತು."

"ಗೊತ್ತಿದ್ದೂ ಹಚ್ಕೊಂಡ್ಯಾ?"

"ಭಾನುವಾರ ನಾನು ಇಲ್ಲಿ ಫೋನ್ ಇಡ್ತೀನಿ, ಅಮ್ಮ ಅಲ್ಲಿ ಇಡ್ತಾಳೆ. ಅವಳ ಹತ್ರಾನೂ ಇದೇ ಒಂಬತ್ತಿದೆ. ಅವಳ ರೂಮಲ್ಲಿ ಐದು ಜನ, ಮಾತಾಡಕ್ಕಾಗಲ್ಲ. ಮೆಟ್ಟಿಲ ಹತ್ರ ಒಂದು ಕನ್ನಡಿ ಇದೆ, ಅಲ್ಲಿ ನಿಂತ್ಕೋತಾಳೆ. ಒಂದು ಅಂತಾಳೆ, ಇಬ್ಬರೂ ಒಂದನೇದು ಹಚ್ಕೋತೀವಿ. ಎರಡು ಅಂತಾಳೆ. ಮಧ್ಯ ಮಧ್ಯ ಒಣಗಬೇಕಲ್ಲ, ಆಗ ಮಾತಾಡ್ತೀವಿ." ಅವಳು ಫೋನನ್ನು ಬೋರಲು ಹಾಕಿದಳು. "ಒಂಬತ್ತು ಅಂದ್ರೆ ನಲವತ್ತು ನಿಮಿಷ ಅಪ್ಪ. ಸೋಪು ಹಾಕಿ ಮುಖ ತೊಳ್ಕೊಂಡ್ರೆ ಎರಡು ನಿಮಿಷ. ಆಮೇಲೆ ಏನ್ ಮಾತಾಡ್ಲಿ? ನಿನ್ನ ಥರ ಊಟ ಆಯ್ತಾ, ಚಳಿನಾ, ಸೆಕೆನಾ ಅಂತ ಕೇಳ್ಲಾ?"

ನಾನು ಹೊರಗೆ ಬಂದು ವ್ಯಾನಿನಲ್ಲಿ ಸ್ವಲ್ಪ ಹೊತ್ತು ಕೂತೆ. ಮಾಡುವುದಕ್ಕೆ ಕೆಲಸವೇನೂ ಇರಲಿಲ್ಲ.

ಏಪ್ರಿಲ್ 15, ಬುಧವಾರ

ಹವೆ 38 ಡಿಗ್ರಿ, ತೇವ ನೂರಕ್ಕೆ 61.

ಪೆಟ್ಟಿಗೆ ಹೊರಗೆ ತೆಗೆದೆ. ವ್ಯಾನಿನ ಬಿಸಿಗೆ ಒಂಬತ್ತನೆಯದು ಎಣ್ಣೆಯಾಗಿಬಿಟ್ಟಿತ್ತು. ಉಳಿದವು ಪರವಾಗಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ಇಟ್ಟೆ. ತಿನ್ನುವ ಪದಾರ್ಥಗಳಿಗೆ ಜಾಗ ಸಾಲಲಿಲ್ಲ, ಟೊಮೆಟೊ ಹೊರಗಿಟ್ಟೆ.

ಯಾವುದು ಇಲ್ಲಿಗೆ ಒಗ್ಗುತ್ತದೆ, ಯಾವುದು ಇಲ್ಲ ಅಂತ ತಿಳಿಯದೆ ಮತ್ತೆ ಅವಳ ಮುಖಕ್ಕೆ ಹಚ್ಚಿಸುವುದು ಹೇಗೆ? ನನ್ನದೇ ಮುಖವಿದೆಯಲ್ಲ. ಹೇಗೂ ಹಾಳಾಗುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಎಡಗಡೆ ಎರಡನೇ ನಂಬರು, ಬಲಗಡೆ ಐದನೇ ನಂಬರು ಹಚ್ಚಿಕೊಂಡು ಕೆಲಸಕ್ಕೆ ಹೋದೆ. ಹತ್ತು ಗಂಟೆಗೆ ಎಡಗಡೆ ಜಿಗುಟು ಜಿಗುಟು, ಧೂಳೆಲ್ಲ ಅಂಟಿ ಗೋಡೆಗೆ ಸುಣ್ಣ ಬಳಿದ ಹಾಗೆ. ಬಲಗಡೆ ನೀರಿನ ಹಾಗೆ ಹಗುರ, ಹಚ್ಚಿದ್ದೇ ಮರೆತುಹೋಯಿತು. ಒಬ್ಬ ಗಿರಾಕಿ "ಏನ್ ಸಾರ್, ಅರ್ಧ ಮುಖ ಹೊಳೀತಿದೆ?" ಅಂದ. ಗ್ಯಾಸ್ ತಗಲಿತು ಅಂದೆ.

ಏಪ್ರಿಲ್ 18, ಶನಿವಾರ

ಪುಟ್ಟಿಯನ್ನು ಡಾಕ್ಟರಮ್ಮನಲ್ಲಿಗೆ ಕರೆದುಕೊಂಡು ಹೋದೆ. ಬಾಟಲಿಗಳನ್ನೂ ಒಯ್ದೆ. ನನ್ನ ಬರಹವನ್ನೂ ತೋರಿಸಿದೆ: ಯಾವ ನಂಬರು, ಎಷ್ಟು ಡಿಗ್ರಿ, ಎಷ್ಟು ತೇವ, ಎಷ್ಟು ಹೊತ್ತಿಗೆ ಜಿಗುಟು. ಡಾಕ್ಟರಮ್ಮ ಓದಿ "ನಿಮ್ಮ ಮುಖದ ಮೇಲಾ?" ಅಂದರು. ಪುಟ್ಟಿ ತಿರುಗಿ ನೋಡಿದಳು. ಅವಳಿಗೆ ನಾನು ಹೇಳಿರಲಿಲ್ಲ.

ಒಂಬತ್ತರಲ್ಲಿ ಮೂರು ಪಾಸಾದವು: ಮುಖ ತೊಳೆಯುವ ಒಂದನೆಯದು, ಹಗುರವಾದ ಐದನೆಯದು, ಬಿಸಿಲಿಗೆ ಹಚ್ಚುವ ಎಂಟನೆಯದು. ಅದೂ ತೆಳ್ಳಗೆ. ಗುಳ್ಳೆಗೆ ಒಂದು ಮುಲಾಮು ಬೇರೆ ಬರೆದುಕೊಟ್ಟರು.

"ಮೂರಾ..." ಅಂದಳು ಪುಟ್ಟಿ, ಹೊರಗೆ ಬಂದ ಮೇಲೆ.

ನನಗೆ ವ್ಯಾನ್ ಸ್ಟಾರ್ಟ್ ಮಾಡುವಾಗ ಹೊಳೆಯಿತು. "ಮುಖಕ್ಕೆ ಮೂರು. ಉಳಿದದ್ದು ಕೈಕಾಲಿಗೆ. ಮೊಣಕೈ ಇದೆ, ಹಿಮ್ಮಡಿ ಇದೆ. ಡಾಕ್ಟರು ಮುಖಕ್ಕೆ ಬೇಡ ಅಂದ್ರು, ಹಿಮ್ಮಡಿಗೆ ಬೇಡ ಅನ್ನಲಿಲ್ಲ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಕ್ಕಳೋ ಅತ್ತಳೋ, ಮಾಸ್ಕ್ ಇತ್ತು, ಗೊತ್ತಾಗಲಿಲ್ಲ.

ಏಪ್ರಿಲ್ 19, ಭಾನುವಾರ

ಮೂರೂವರೆಗೇ ನಾನೇ ಫೋನ್ ಮಾಡಿದೆ. ತಪ್ಪಾಯಿತು ಅಂತ ಹೇಳಬೇಕೆಂದು ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೆ.

"ಪುಟ್ಟಿಗೇನಾದ್ರೂ ಆಯ್ತಾ?" ಅಂದಳು ಎತ್ತಿದ ಕೂಡಲೇ.

"ಇಲ್ಲ. ಐದನೇ ನಂಬರ್ ಚೆನ್ನಾಗಿದೆ."

"ಏನು?"

"ಐದನೇ ಬಾಟಲಿ. ಇಲ್ಲಿಗೆ ಒಗ್ಗುತ್ತೆ. ಎರಡನೇದು ಆಗಲ್ಲ, ಧೂಳು ಹಿಡಿಯುತ್ತೆ."

"ನಿಮಗೆ ಹೇಗೆ ಗೊತ್ತು?"

"ಹಚ್ಕೊಂಡು ನೋಡಿದೆ."

ಬಿದ್ದು ಬಿದ್ದು ನಕ್ಕಳು. ಎರಡು ವರ್ಷದಲ್ಲಿ ಆ ನಗು ನನ್ನ ಕಿವಿಗೆ ನೇರವಾಗಿ ಬಿದ್ದದ್ದು ಇದೇ ಮೊದಲು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದಾಗ ಬೆರಳು ಕಂಡಿತು. ಗೆಣ್ಣು ಗೆಣ್ಣಿಗೂ ಸೀಳು, ಎರಡಕ್ಕೆ ಪಟ್ಟಿ ಸುತ್ತಿದ್ದಳು.

"ಕೈಗೇನಾಯ್ತು?"

"ಥಂಡಿ ಕೋಣೆಯಲ್ಲಿ ಪ್ಯಾಕಿಂಗು ಅಲ್ವಾ. ರಟ್ಟಿನ ಡಬ್ಬ ಕೈಯಲ್ಲಿರೋ ಪಸೆನೆಲ್ಲ ಎಳ್ಕೊಂಡುಬಿಡುತ್ತೆ."

"ಮುಖಕ್ಕೆ ಒಂಬತ್ತು ಹಚ್ಕೋತೀಯ, ಕೈಗೆ ಒಂದು ಹಚ್ಚಕ್ಕಾಗಲ್ವಾ?"

"ಅದು ಪುಟ್ಟಿ ಜೊತೆಗೆ ರೀ. ನನಗೆ ಅಂತ ಅಲ್ಲ." ಕೈ ಕೆಳಗಿಳಿಸಿ ಹೇಳಿದಳು: "ಶಿಫ್ಟ್ ಮುಗಿಸಿ ಬರೋ ದಾರಿಯಲ್ಲಿ ಆ ಅಂಗಡಿ ಇದೆ. ಒಳಗೆ ಬೆಚ್ಚಗಿರುತ್ತೆ, ಅದಕ್ಕೇ ಹೋಗ್ತಿದ್ದೆ ಮೊದಮೊದಲು. ಅಲ್ಲಿರೋ ಹುಡುಗಿ ಯಾರಿಗೆ ಅಂತ ಕೇಳಿದ್ಲು. ಮಗಳಿಗೆ ಅಂದೆ. ಮಗಳದ್ದು ಎಂಥ ಚರ್ಮ ಅಂದ್ಲು. ಜಿಡ್ಡಾ, ಒಣಾನಾ ಅಂತ. ನಂಗೆ ಗೊತ್ತಿರಲಿಲ್ಲ ರೀ. ನಾನು ಬಂದಾಗ ಅವಳಿಗೆ ಹದಿನೈದು. ಈಗ ಅವಳ ಮುಖ ಮುಟ್ಟಿದ್ರೆ ಹೇಗಿರುತ್ತೆ ಅಂತ ನಂಗೆ ಗೊತ್ತಿಲ್ಲ. ಅದಕ್ಕೆ ಎಲ್ಲಾ ಥರದ್ದೂ ಒಂದೊಂದು ತಗೊಂಡೆ."

ಬಾಯಿಪಾಠ ಮಾಡಿದ್ದು ಮರೆತೇಹೋಯಿತು. ಒಂಬತ್ತನೇ ನಂಬರು ನೀನು ಕೈಗೆ ಹಚ್ಚಿಕೋ ಅಂದೆ. ಪುಟ್ಟಿ ಬಂದು ಫೋನ್ ಕಸಿದುಕೊಂಡಳು. ನಾನೂ ಅಲ್ಲೇ ಮಂಚದ ತುದಿಗೆ ಕೂತೆ, ಯಾವ ನಂಬರು ಎಲ್ಲಿಗೆ ಅಂತ ಹೇಳುವವರು ಬೇಕಲ್ಲ. ಮುಖ, ಮೊಣಕೈ, ಹಿಮ್ಮಡಿ ಎಲ್ಲ ಸೇರಿ ಐವತ್ತೆರಡು ನಿಮಿಷ.

ಮೇ 4, ಸೋಮವಾರ

ಮುಖ ತಿಳಿಯಾಗುತ್ತಿದೆ, ಮತ್ತೆ ಆಟಕ್ಕೆ ಹೋಗುತ್ತಿದ್ದಾಳೆ ಅಂತ ನೆಮ್ಮದಿಯಾಗಿದ್ದೆ. ನಿನ್ನೆ ಮಳೆ ಬಂತು. ಇವತ್ತು ತೇವ 84. ಪಾಸಾಗಿದ್ದ ಐದನೆಯದೂ ಈಗ ಮುಖದ ಮೇಲೆ ಕೂತು ಒಳಗೆ ಇಳಿಯುವುದಿಲ್ಲ. ಎಂಟನೆಯದು ಮತ್ತೆ ಕಣ್ಣಿಗೆ ಇಳಿಯಿತಂತೆ. ಎಲ್ಲಾ ಮೊದಲಿಂದ ಶುರು! ಹಾಳಾದ ಹವೆ, ಹಾಳಾದ ಬಾಟಲಿ. ಇವತ್ತು ಒಂದು ಸ್ಕ್ರೂಡ್ರೈವರ್ ಕೂಡ ಕಳೆದುಕೊಂಡೆ.

ಇವಳಿಗೆ ಮೆಸೇಜ್ ಮಾಡಿ ನನ್ನ ಅಳತೆಯೆಲ್ಲ ಕಳಿಸಿದೆ. ಅವಳು ಅದನ್ನು ಆ ಅಂಗಡಿ ಹುಡುಗಿಗೆ ತೋರಿಸಿದಳಂತೆ. ಹುಡುಗಿ 84 ಅನ್ನುವುದನ್ನು ಎರಡು ಸಲ ಓದಿ, "ಅಲ್ಲಿ ಮನುಷ್ಯರು ಇರ್ತಾರಾ?" ಅಂತ ಕೇಳಿದಳಂತೆ. ಆಮೇಲೆ ಹೇಳಿ ಕಳಿಸಿದ್ದು: ಐದನೆಯದು ಬೆಳಿಗ್ಗೆ ಬೇಡ, ಮಲಗುವಾಗ ಎರಡು ತೊಟ್ಟು ಸಾಕು. ಎಂಟನೆಯದನ್ನು ಹುಬ್ಬಿನ ಮೇಲೆ ಹಚ್ಚಲೇಬೇಡಿ, ಅಲ್ಲಿಂದಲೇ ಕಣ್ಣಿಗಿಳಿಯುವುದು. ಹಣೆಗೆ ಬಟ್ಟೆ ಪಟ್ಟಿ ಕಟ್ಟಿ.

ಅಷ್ಟೇ. ಒಂದು ಬಟ್ಟೆ ಪಟ್ಟಿ. ನನ್ನ ಹಳೇ ಬನಿಯನ್ ಹರಿದು ಹೊಲಿದುಕೊಟ್ಟೆ.

ಮೇ 9, ಶನಿವಾರ

ಮೂರು ಕಂಪ್ಲೇಂಟು ನಾಳೆಗೆ ತಳ್ಳಿ ಆಯ್ಕೆ ನೋಡಲು ಹೋದೆ. ಪುಟ್ಟಿ ಚೆನ್ನಾಗಿಯೇ ಆಡಿದಳು, ಆದರೆ ಅಭ್ಯಾಸ ತಪ್ಪಿದ್ದು ಕಾಣುತ್ತಿತ್ತು. ಬದಲಿ ಆಟಗಾರ್ತಿ ಅಂತ ಹೆಸರು ಓದಿದರು. ಅಂದರೆ ಯಾರಿಗಾದರೂ ಕಾಲು ಉಳುಕಿದರೆ ಇವಳು. ಆಟ ಬಿಟ್ಟ ಆ ಎರಡು ಮೂರು ವಾರ ಕಳೆದುಹೋಗದಿದ್ದರೆ ಅನ್ನುವ ಸಿಟ್ಟು ನನಗೆ. ಅವಳಿಗೆ ಇದ್ದ ಹಾಗೆ ಕಾಣಲಿಲ್ಲ. ಬರುವಾಗ ಗೆಳತಿಯರ ಜೊತೆ ಫೋಟೊ ತೆಗೆಸಿಕೊಂಡಳು. ಕಲೆಗಳು ಇನ್ನೂ ಇವೆ, ಗಲ್ಲದ ಹತ್ತಿರ ಜಾಸ್ತಿ. ಮಾಸ್ಕ್ ಹಾಕಿಕೊಂಡು ಬಂದಿರಲಿಲ್ಲ ಅನ್ನುವುದು ಈಗ ಬರೆಯುವಾಗ ನೆನಪಾಗುತ್ತಿದೆ.

ಮೇ 17, ಭಾನುವಾರ

ಹಿಮ್ಮಡಿಯವರೆಗೂ ಎಲ್ಲ ಮುಗಿದ ಮೇಲೆ ಇವಳು, "ರೀ, ಒಂದು ಮಾತು. ಆಗಸ್ಟಿಗೆ ನನ್ನ ಎರಡೂವರೆ ವರ್ಷದ ಕರಾರು ಮುಗಿಯುತ್ತೆ. ಇನ್ನೊಂದು ವರ್ಷ ಇರ್ತೀಯಾ ಅಂತ ಮಾಲೀಕರು ಕೇಳ್ತಿದ್ದಾರೆ. ಜೂನ್ ಒಂದಕ್ಕೆ ಹೇಳಬೇಕು. ಏನ್ ಮಾಡ್ಲಿ?" ಅಂದಳು.

"ನಿನ್ನಿಷ್ಟ" ಅಂದೆ.

ಬೇರೆ ಏನು ಹೇಳಬೇಕಿತ್ತು? ಕಷ್ಟಪಟ್ಟು ಹೋದವಳು. ಇಲ್ಲಿ ಅವಳು ಕೆಲಸ ಮಾಡುತ್ತಿದ್ದ ಬಿಸ್ಕತ್ತು ಕಾರ್ಖಾನೆ ಮುಚ್ಚಿದಾಗ, ಹೋಗ್ಲಾ ಅಂತ ಕೇಳಿದಾಗಲೂ ಇದನ್ನೇ ಹೇಳಿದ್ದೆ. ಹೆಂಡತಿಯ ಕೈ ಕಟ್ಟಿಹಾಕುವ ಗಂಡ ನಾನಲ್ಲ.

ಮೇ 21, ಗುರುವಾರ

ಪುಟ್ಟಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ನಾಲ್ಕು ದಿನದ ಸಿಟ್ಟನ್ನು ಒಟ್ಟಿಗೇ ತೆಗೆದಳು.

"ನಿನ್ನಿಷ್ಟ ಅಂದ್ರೆ ಏನಪ್ಪ ಅರ್ಥ?"

"ಅವಳಿಗೆ ಹೇಗೆ ಬೇಕೋ ಹಾಗೆ ಅಂತ."

"ಅಮ್ಮಂಗೆ ಅದು ಹಾಗೆ ಕೇಳಿಸಲ್ಲ. ಇದ್ರೂ ಸರಿ, ಹೋದ್ರೂ ಸರಿ, ನಂಗೇನು ಅಂತ ಕೇಳಿಸುತ್ತೆ. ನಂಗೂ ಹಾಗೇ ಕೇಳಿಸುತ್ತೆ. ಬಾಟಲಿಗೆ ಮಾತ್ರ ಅಷ್ಟುದ್ದ ಬರೀತೀಯ. ಇಷ್ಟು ಡಿಗ್ರಿ, ಅಷ್ಟು ತೇವ, ಇದು ಬೇಕು, ಅದು ಬೇಡ. ಅಮ್ಮ ಬೇಕಾ ಬೇಡ್ವಾ, ಅದನ್ನ ಹೇಳಕ್ಕೇನು?"

ತಟ್ಟೆ ಎತ್ತಿಕೊಂಡು ಹೋದಳು. ಈ ಹುಡುಗಿಗೆ ಮಾತು ಜಾಸ್ತಿಯಾಯಿತು. ದೊಡ್ಡವರ ವಿಷಯ ಇವಳಿಗೇನು ಗೊತ್ತು?

ಆಮೇಲೆ ಅನ್ನ ಸೇರಲಿಲ್ಲ.

ಮೇ 31, ಭಾನುವಾರ

ಮೂರು ಗಂಟೆಗೇ ಇವಳಿಗೆ ಫೋನ್ ಮಾಡಿದೆ. ಪುಟ್ಟಿ ಅಂಗಡಿಗೆ ಹೋಗಿದ್ದಳು, ನಾನೇ ಕಳಿಸಿದ್ದೆ.

"ಬಂದ್ಬಿಡು" ಅಂದೆ.

"ಯಾಕೆ? ಏನಾಯ್ತು? ಪುಟ್ಟಿ ಹುಷಾರಾಗಿದಾಳಾ?"

"ಹುಷಾರಾಗಿದಾಳೆ."

"ನೀವು?"

"ನಾನೂ ಹುಷಾರಾಗಿದೀನಿ. ನಂಗೆ ಸಾಕಾಗಿದೆ."

"ಏನು ಸಾಕಾಗಿದೆ? ಕೆಲಸಾನಾ?"

"ನೀನಿಲ್ಲದ್ದು."

ಫೋನಿನಲ್ಲಿ ಅವಳ ಮುಖ ಹೋಗಿ ಸೀಲಿಂಗ್ ಕಂಡಿತು. ಒಂದು ಟ್ಯೂಬ್‌ಲೈಟು, ಒಂದು ಪೈಪು. ಮೆಟ್ಟಿಲ ಮೇಲೆ ಯಾರೋ ಅವರ ಭಾಷೆಯಲ್ಲಿ ಮಾತಾಡಿಕೊಂಡು ಇಳಿದು ಹೋದರು. ನಾನು ಕಾಯುತ್ತಾ ಕೂತೆ. ಲೈನು ಕಟ್ಟಾಗಿಲ್ಲವಲ್ಲ ಅಂತ ಎರಡು ಸಲ ನೋಡಿಕೊಂಡೆ.

ಮುಖ ತಿರುಗಿ ಬಂದಾಗ ಮೂಗು ಕೆಂಪಾಗಿತ್ತು.

"ಇದನ್ನ ನಾನು ಹೊರಟ ದಿನ ಹೇಳಬಾರದಿತ್ತಾ ನೀವು?"

"ಹೇಳಿದ್ರೆ ನೀನು ಹೋಗ್ತಿರಲಿಲ್ಲ."

"ಹೋಗ್ತಿದ್ದೆ" ಅಂದಳು. "ಹೋಗೇ ಹೋಗ್ತಿದ್ದೆ. ಆದ್ರೆ ಬೇರೆ ಥರ ಹೋಗ್ತಿದ್ದೆ."

ಕೈ ತೋರಿಸು ಅಂದೆ. ತೋರಿಸಿದಳು. ಹೆಬ್ಬೆರಳಿನದು ಮಾಗಿದೆ. ಉಳಿದವು ಇನ್ನೂ ಇವೆ.

ಜೂನ್ 1, ಸೋಮವಾರ

ಎಂಟು ಕಂಪ್ಲೇಂಟು. ಎರಡನೇ ಮನೆಯಲ್ಲಿ ಏಣಿ ಮೇಲೆ ನಿಂತು ಕಾಯಿಲ್ ತೊಳೆಯುತ್ತಿದ್ದಾಗ ಜೇಬಿನಲ್ಲಿ ಫೋನ್ ಅದುರಿತು. ಒದ್ದೆ ಕೈಯಲ್ಲೇ ತೆಗೆದು ನೋಡಿದೆ. ಇವಳದು. "ಮಾಲೀಕರಿಗೆ ಹೇಳಿದೆ. ಆಗಸ್ಟ್ ಹದಿನಾಲ್ಕಕ್ಕೆ ಹೊರಡ್ತೀನಿ."

ಕೆಳಗಿಳಿದು ಏಣಿಯ ಬುಡದಲ್ಲೇ ಕೂತುಕೊಂಡೆ. ಮನೆಯೊಡತಿ ಓಡಿಬಂದು ನೀರು ಕೊಟ್ಟು, "ತಲೆ ಸುತ್ತು ಬಂತಾ? ಈ ಸೆಕೆಗೆ ಯಾರಿಗಾದ್ರೂ ಬರುತ್ತೆ" ಅಂದರು.

ಹೌದಮ್ಮ ಅಂದೆ.